ಗೋಡೆಯ ಮೇಲಿನ ಹುಸೇನಪ್ಪ

ಜಂಬಮ್ಮ ಕರಿಯುತ್ತಿದ್ದ ಮಿರ್ಚಿ ಎಂಥ ಖಾರವೆಂದರೆ, ಒಮ್ಮೆ ಸಿಂಧನೂರು ಬಸ್ಸಿನ ಕಂಡಕ್ಟರೊಬ್ಬ ಅದನ್ನು ಕಚ್ಚಿದವನು ಸೀಟಿ ಊದುವುದನ್ನೇ ಮರೆತು, ಬಸ್ಸು ಸಿಂಧನೂರು ದಾಟಿ ಕಾರಟಗಿಯಲ್ಲಿ ಹೋಗಿ ನಿಂತಿತ್ತು. ಇದನ್ನು ನಾನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ವರ್ಷಕ್ಕೆ ಎರಡು ಮೂರು ಮೈಲಿ ಬಸ್ಸು ಮುಂದೆ ಸಾಗುತ್ತದೆ. ಜಂಬಮ್ಮ ತೀರಿಕೊಳ್ಳುವ ಹೊತ್ತಿಗೆ ಅದು ಹುಬ್ಬಳ್ಳಿ ಸೇರಿತ್ತು.

ಮಾನ್ವಿ ಬಸ್ ನಿಲ್ದಾಣದ ಎದುರು ಅವಳ ಒಗ್ಗರಣಿ ಬಂಡಿ. ಅಲ್ಲಿಂದ ಕೂಗಳತೆಯಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ಕುರ್ಚಿ, ಮೇಜು ಮತ್ತು ನಾನು, ಅರ್ಜಿ ಬರೆಯುವ ವೆಂಕೋಬ. ದಿನಾ ಹನ್ನೊಂದಕ್ಕೆ ಮಂಡಾಳ, ಅಂದರೆ ಮಂಡಕ್ಕಿ ಒಗ್ಗರಣಿಯ ಪ್ಲೇಟು, ಮೇಲೆ ಎರಡು ಮಿರ್ಚಿ ಹಿಡಿದು ಬರುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು. ನಾನು ಜಂಬಕ್ಕ ಅನ್ನುತ್ತಿದ್ದೆ. ಅವಳು ನನ್ನನ್ನು ವೆಂಕೋಬ ಅನ್ನುತ್ತಿದ್ದಳು, ಸಿಟ್ಟು ಬಂದರೆ ಸುಳ್ಳಬುರುಕ ಅನ್ನುತ್ತಿದ್ದಳು. ಹೆಚ್ಚಾಗಿ ಎರಡನೆಯದೇ ನಡೆಯುತ್ತಿತ್ತು.

ಗಬ್ಬೂರಿನ ಆಚೆಯ ಒಂದು ಹಳ್ಳಿಯ ಕುರುಬರ ಮನೆಯವಳು. ಹುಟ್ಟಿದ್ದು ನಿಜಾಮನ ಸೀಮೆಯಲ್ಲಿ ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯಾದ ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಅಪ್ಪ ಸತ್ತು ನಾಲ್ಕು ತಿಂಗಳಾಗಿತ್ತು. ಮಾನ್ವಿಗೆ ಬಂದದ್ದು ಅಂಬಣ್ಣನನ್ನು ಮದುವೆಯಾಗಿ. ಅವನು ಅಕ್ಕಿ ಗಿರಣಿಯಲ್ಲಿ ಹಮಾಲಿ. ಒಂದೇ ಸಲಕ್ಕೆ ಎರಡು ಚೀಲ ಹೊರುತ್ತಿದ್ದ ಎಂದು ಬರೆದರೆ ನೀವು ನಂಬಲಿಕ್ಕಿಲ್ಲ, ಆದ್ದರಿಂದ ಮೂರು ಎಂದು ಬರೆಯುತ್ತೇನೆ. ಅವನು ಹೋದ ಮೇಲೆ ಬಂಡಿ ಇಟ್ಟಳು. ಮಗಳು ನೇತ್ರಾವತಿಯನ್ನು ಓದಿಸಿ ದೇವದುರ್ಗದಲ್ಲಿ ಮಾಸ್ತರಿಣಿ ಮಾಡಿದಳು. ತಾನು ಮಾತ್ರ ಒಂದಕ್ಷರ ಕಲಿಯಲಿಲ್ಲ. "ಎಣ್ಣಿ ಕಾದದ್ದು ಗೊತ್ತಾಗಾಕ ಅಕ್ಷರ ಯಾಕ ಬೇಕು?" ಅನ್ನುತ್ತಿದ್ದಳು.

ಅವಳ ಅಪ್ಪನ ಹೆಸರು ಹುಸೇನಪ್ಪ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಅಲ್ಲ. ಹುಸೇನಪ್ಪನ ತಾಯಿಗೆ ಮೊದಲು ಹುಟ್ಟಿದ ನಾಲ್ಕು ಕೂಸು ಉಳಿದಿರಲಿಲ್ಲ. ಐದನೆಯದು ಹೊಟ್ಟೆಯಲ್ಲಿದ್ದಾಗ ಆಕೆ ಮೊಹರಂನಲ್ಲಿ ಅಲಾಯಿ ದೇವರ ಮುಂದೆ ಸೆರಗೊಡ್ಡಿ, "ಇದೊಂದು ಉಳಿಸ್ಕೊಡಪ್ಪಾ, ನಿನ್ನ ಹೆಸರೇ ಇಡ್ತೀನಿ" ಎಂದು ಬೇಡಿಕೊಂಡಳು. ಕೂಸು ಉಳಿಯಿತು, ಹೆಸರೂ ಉಳಿಯಿತು. ಹೀಗೆ ಬೇಡಿ ಹಡೆದ ಹುಸೇನಪ್ಪ, ಮೌಲಪ್ಪ, ಖಾಸಿಮಪ್ಪರನ್ನೆಲ್ಲ ಒಂದು ಕಡೆ ನಿಲ್ಲಿಸಿದರೆ ಸಾಲು ತುಂಗಭದ್ರೆ ದಾಟಿ ಹೋದೀತು. ಅವರ ಮನೆಗಳಲ್ಲಿ ಬೀರಪ್ಪನೂ ಇರುತ್ತಾನೆ, ಹನುಮಪ್ಪನೂ ಇರುತ್ತಾನೆ. ಮೊಹರಂ ಬಂದಾಗ ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಹತ್ತು ದಿನ ಫಕೀರರಾಗುತ್ತಾರೆ.

ಹುಸೇನಪ್ಪನ ಗೆಳೆಯ ಅದೇ ಊರಿನ ಅಮೀರ್ ಸಾಬ್. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಆ ವರ್ಷ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಬಂದು ಹುಸೇನಪ್ಪನ ಹನ್ನೊಂದು ಕುರಿ ಹೊಡೆದುಕೊಂಡು ಹೋದರು, ತಡೆಯಲು ಹೋದ ಅಮೀರ್ ಸಾಬನ ಬೆನ್ನಿಗೂ ನಾಲ್ಕು ಬಿಗಿದರು. ಅವರು ಯಾರ ಹೆಸರನ್ನೂ ಕೇಳಲಿಲ್ಲ. ಹೆಸರು ಕೇಳುವವರು ಸೆಪ್ಟೆಂಬರಿನಲ್ಲಿ ಬಂದರು. ಸೈನ್ಯ ಬಂದು, ನಿಜಾಮ ಶರಣಾಗಿ, ಊರಲ್ಲಿ ಬಾವುಟ ಏರಿಸಿ ಆರು ದಿನವಾಗಿತ್ತು. ಗೆಳೆಯರಿಬ್ಬರೂ ಹೆಂಡಿರನ್ನು ಕರೆದುಕೊಂಡು ಗಬ್ಬೂರಿನ ಕಡೆಯಿಂದ ಬರುತ್ತಿದ್ದರು. ರಜಾಕಾರರ ಮೇಲಿನ ಸೇಡನ್ನು ಸಿಕ್ಕ ಮುಸ್ಲಿಮರ ಮೇಲೆ ತೀರಿಸುತ್ತಿದ್ದ, ಕತ್ತಿ ಕೊಡಲಿ ಹಿಡಿದ ಗುಂಪೊಂದು ಹಳ್ಳದ ದಂಡೆಯಲ್ಲಿ ಕಾಣಿಸಿತು. ಹೆಂಗಸರನ್ನು ಸಜ್ಜೆ ಹೊಲದೊಳಕ್ಕೆ ನೂಕಿ ಇಬ್ಬರೂ ಮುಂದೆ ನಿಂತರು. ಅಮೀರ್ ಸಾಬನ ಹೆಂಡತಿ ಜಾಹೆದಾ ತನ್ನ ಮೂರು ವರ್ಷದ ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಐದು ತಿಂಗಳ ಬಸುರಿ, ಜಂಬಮ್ಮನ ಅವ್ವ.

ಮೊದಲು ಅಮೀರ್ ಸಾಬನ ಹೆಸರು ಕೇಳಿದರು. ಹೇಳಿದ. ಆಮೇಲೆ ಹುಸೇನಪ್ಪನನ್ನು ಕೇಳಿದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಹುಸೇನಪ್ಪ ಎಂದ.

ರಾತ್ರಿ ಹಳ್ಳ ತುಂಬಿ ಬಂತು. ಹೂಳಲಿಕ್ಕೂ ಏನೂ ಸಿಗಲಿಲ್ಲ.

ಇದನ್ನೆಲ್ಲ ಜಂಬಮ್ಮನಿಗೆ ಹೇಳಿದವಳು ಜಾಹೆದಾ. ಅವ್ವ ಹೇಳುವಂತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಕಲಿತವಳು ಸಾಯುವ ತನಕ ತರಲಿಲ್ಲ. ಹೀಗಾಗಿ ಅಪ್ಪನ ಹೆಸರನ್ನು ಜಂಬಮ್ಮ ಕೇಳಿದ್ದು ಪಕ್ಕದ ಜಾಹೆದಾಳ ಮನೆಯಲ್ಲಿ, ಅಲ್ಲಿ ಸತ್ತವರ ಹೆಸರಿನಲ್ಲಿ ಸಕ್ಕರೆ ಓದಿಸುವಾಗ. ಪ್ರತಿ ಮೊಹರಂಗೆ ಜಾಹೆದಾ ಊದು ಹಾಕಿ, ಸಕ್ಕರೆ ಮುಂದಿಟ್ಟು ಎರಡು ಹೆಸರು ಹೇಳಿಸುತ್ತಿದ್ದಳು. ಅಮೀರ್ ಸಾಬ್, ಹುಸೇನಪ್ಪ. ಅಂದು ಆ ಗುಂಪು ಕೇಳಿದ ಕ್ರಮದಲ್ಲಿಯೇ. ಜಾಹೆದಾ ಹೋದ ಮೇಲೆ ಅವಳ ಮಗಳು ಕುಬ್ರಾ ಬೇಗಂ ಅದನ್ನು ಮುಂದುವರಿಸಿದರು. ಅಂದು ಬಾಯಿ ಮುಚ್ಚಿಸಿಕೊಂಡಿದ್ದ ಕೂಸು ಅವರೇ. ರಾಯಚೂರಿನಲ್ಲಿ ಕೌದಿ ಹೊಲಿಯುತ್ತಾರೆ. ಜಂಬಮ್ಮ ಎಲ್ಲೇ ಇರಲಿ, ಮೊಹರಂನ ಆ ದಿನ ಬಂಡಿ ಮುಚ್ಚಿ ರಾಯಚೂರಿನ ಬಸ್ಸು ಹತ್ತುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ದಿನ ಹನ್ನೊಂದಕ್ಕೆ ಬಂದವಳು ಪ್ಲೇಟು ಇಟ್ಟು ಹೋಗಲಿಲ್ಲ.

"ವೆಂಕೋಬ, ರಾಯಚೂರಾಗ ಆವಾಗ ಸತ್ತವರ ಹೆಸರು ಕೆತ್ತಾಕ ಗ್ವಾಡಿ ಕಟ್ಟಾಕತ್ತಾರಂತ. ಖರೇ ಏನು?"

"ಖರೇ ಅದ ಜಂಬಕ್ಕ. ಎಷ್ಟು ಎತ್ತರ ಅಂದ್ರ, ಕಾಗಿ ಮ್ಯಾಲ ಹೋಗಿ ಕೂಡಬೇಕಂದ್ರ ನಡುವ ಎರಡ ಕಡಿ ದಣಿವಾರಿಸ್ಕೊಂಡು ಹೋಗಬೇಕು."

"ನಿನ್ನ ಕಾಗಿ ಸುಡ್ಲಿ. ನಮ್ಮಪ್ಪಂದು, ಅಮೀರ್ ಮಾಮಾಂದು ಹೆಸರ ಬರಸ್ಬೇಕು. ಅರ್ಜಿ ಬರಿ."

"ಓದಾಕ ಬರೂದಿಲ್ಲ ನಿನಗ. ಬರಸಿ ಏನ್ ಮಾಡ್ತಿ?"

"ಮುಟ್ಟಿ ನೋಡ್ತೀನಿ," ಎಂದಳು. "ಒಂದ ಫೋಟೋ ಇಲ್ಲ, ಮಣ್ಣ ಮಾಡಿದ ಜಾಗ ಇಲ್ಲ, ಹೊಲ ಇದ್ದಿಲ್ಲ ಪಹಣ್ಯಾಗ ಹೆಸರ ಇರಾಕ. ನನ್ನ ಆಧಾರದಾಗ ಗಂಡನ ಹೆಸರ ಅದ. ನಮ್ಮಪ್ಪ ಅನ್ನಾಂವ ಈ ಭೂಮಿ ಮ್ಯಾಲ ಎಲ್ಲೂ ಬರದಿಲ್ಲ, ವೆಂಕೋಬ. ನಾ ಸತ್ರ ಅಂವ ಇದ್ದ ಅನ್ನೂದ ಹೋಗ್ತದ."

ಬರೆದೆ. ನನ್ನ ಅರ್ಜಿಗಳು ಒಣ ಬೋರ್‌ವೆಲ್ಲಿಗೂ ಕಣ್ಣೀರು ತರಿಸುವಂಥವು. ಆದರೆ ಅವತ್ತು ಅವಳು ಹೇಳಿದ್ದನ್ನೇ, ಅವಳು ಹೇಳಿದಷ್ಟೇ ಬರೆದೆ. ಎರಡು ಹೆಸರು, ಹಳ್ಳದ ದಂಡೆ, ಸೈನ್ಯ ಬಂದು ಬಾವುಟ ಏರಿದ ಆರನೆಯ ದಿನ.

ಒಂದೂವರೆ ತಿಂಗಳಿಗೆ ಕರೆ ಬಂತು. ಇಬ್ಬರೂ ರಾಯಚೂರಿಗೆ ಹೋದೆವು. ಊರ ಹೊರಗೆ ಕಲ್ಲುಗುಡ್ಡದ ಮಗ್ಗುಲಲ್ಲಿ ಕರಿ ಗ್ರಾನೈಟಿನ ಗೋಡೆ ಅರ್ಧ ಎದ್ದಿತ್ತು. ರಾಯಚೂರಿನ ಬಿಸಿಲಿಗೆ ಆ ಕಲ್ಲಿನ ಮೇಲೆ ಜಂಬಮ್ಮ ಎಣ್ಣೆಯಿಲ್ಲದೆ ಮಿರ್ಚಿ ಕರಿಯಬಹುದಿತ್ತು. ಒಳಗೆ ವಸ್ತುಸಂಗ್ರಹಾಲಯ, ಅಲ್ಲಿ ಮಾತ್ರ ಏಸಿ. ನಾವು ಹೋದಾಗ ಗಾಜಿನ ಪೆಟ್ಟಿಗೆಗಳಲ್ಲಿ ಬಂದೂಕು ಜೋಡಿಸುತ್ತಿದ್ದರು. ಪ್ಲಾಸ್ಟರಿನ ಹಳ್ಳಿ, ಉರಿಯುವ ಪ್ಲಾಸ್ಟರಿನ ಮನೆ, ಬಾಯಿ ತೆರೆದು ಅಳುವ ಪ್ಲಾಸ್ಟರಿನ ಹೆಂಗಸು. ಜಂಬಮ್ಮ ಆ ಹೆಂಗಸಿನ ಮುಂದೆ ಬಹಳ ಹೊತ್ತು ನಿಂತು, "ಸೆರಗು ಸರಿ ಇಲ್ಲ ಪಾಪ," ಎಂದು ಎಳೆದು ಸರಿಮಾಡಲು ಹೋದಳು.

ಕಚೇರಿಯಲ್ಲಿದ್ದವನು ಅನಿಲಕುಮಾರ. ಎಂ.ಎ. ಓದಿದ ಹುಡುಗ, ಮರ್ಯಾದೆಯವನು, ನಮಗೆ ಕುರ್ಚಿ ಹಾಕಿ ನೀರು ಕೊಟ್ಟ.

"ಅಜ್ಜಿ, ಅಮೀರ್ ಸಾಬ್ರು ಮುಸ್ಲಿಮರು ಅಂತ ಗೊತ್ತಾಯ್ತು. ಹುಸೇನಪ್ಪ ಅಂದ್ರೂ ಮುಸ್ಲಿಮರೇ ಏನ್ರಿ?"

"ನಾವು ಕುರುಬ್ರು, ಹಾಲುಮತದವರಪ್ಪಾ. ಬೇಡ್ಕೊಂಡು ಹಡದಿದ್ದಕ್ಕ ಇಟ್ಟ ಹೆಸರು."

"ಹಂಗಾದ್ರೂ ಒಂದು ತ್ರಾಸ ಅದ ನೋಡ್ರಿ," ಎಂದು ಅವನು ಫಾರ್ಮ್ ತಿರುವಿದ. "ಈ ಗ್ವಾಡಿ ಮ್ಯಾಲ ಬರೂದು ರಜಾಕಾರರ ಕೈಯಾಗ ಸತ್ತವರ ಹೆಸರು. ನೀವು ನೋಡಿದ್ರ, ಸೈನ್ಯ ಬಂದ ಮ್ಯಾಲ ಅಂತ ಬರಸೀರಿ. ಬ್ಯಾರೆ ಮಂದಿ ಹೊಡದ್ರು ಅಂತೀರಿ."

"ಹೌದು. ಹಂಗ ಆಗೇದ."

"ಹಂಗ ಸತ್ತವರಿಗೆ ಈ ಗ್ವಾಡಿ ಇಲ್ರಿ ಅಜ್ಜಿ."

"ಮತ್ತ ಅವರಿಗೆ ಯಾವ ಗ್ವಾಡಿ?"

ಅನಿಲಕುಮಾರ ಟೇಬಲ್ಲು ನೋಡಿದ. "ಅವರಿಗೆ ಗ್ವಾಡಿ ಇಲ್ರಿ," ಎಂದ.

ಅವನನ್ನು ಬಯ್ಯಲಾರೆ. ಗೋಡೆ ಕಟ್ಟಿದ ಸಮಿತಿಯನ್ನೂ ಪೂರ್ತಿ ಬಯ್ಯಲಾರೆ. ಅಲ್ಲಿ ಕೆತ್ತಿದ ಹೆಸರುಗಳೇನು ಸುಳ್ಳಲ್ಲ. ಸುಟ್ಟ ಮನೆಗಳು, ಬಾವಿಗೆ ಬಿದ್ದ ಹೆಂಗಸರು ಸುಳ್ಳಲ್ಲ. ನನ್ನ ಸೋದರಮಾವನ ಹೆಸರೂ ಅಲ್ಲಿದೆ. ಗೋಡೆ ಹೇಳಿದ್ದು ನಿಜ. ಹೇಳದೆ ಬಿಟ್ಟದ್ದೂ ನಿಜ, ಅಷ್ಟೆ.

ಹೊರಡುವಾಗ ಹುಡುಗ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಮೆಲ್ಲಗೆ, "ಸರ್, 'ಯಾರಿಂದ ಹತರಾದರು' ಅನ್ನೋ ಕಾಲಂ ಒಂದೇ ನೋಡ್ರಿ ಅಡ್ಡ ಬರ್ತಿರೂದು. ಅಜ್ಜಿದು ನೋಡಿದ್ರ ಸಂಕಟ ಆಗ್ತದ," ಎಂದ.

ಜಂಬಮ್ಮ ಮರುದಿನ ಬಂಡಿ ತೆರೆಯಲಿಲ್ಲ. ಅದರ ಮರುದಿನವೂ. ಮೂರನೆಯ ದಿನ ನಾನು ಹೊಸ ಫಾರ್ಮ್ ತುಂಬಿದೆ. ಐವತ್ತು ವರ್ಷದಲ್ಲಿ ಈ ಕೈ ಅರವತ್ತಾಗದವರನ್ನು ಅರವತ್ತೈದು ಮಾಡಿದೆ, ಗಟ್ಟಿ ಮನೆಗಳನ್ನು ಮಳೆಗೆ ಬೀಳಿಸಿದೆ, ಗುಂಡುಕಲ್ಲಿನಂಥ ಆಳುಗಳಿಗೆ ಇಲ್ಲದ ರೋಗ ತಂದಿದೆ. ಒಂದು ಪದದಿಂದ ಏನಾಗುತ್ತದೆ ಎಂದುಕೊಂಡೆ. ರಜಾಕಾರರಿಂದ, ಎಂದು ಬರೆದೆ. ಆರನೆಯ ದಿನವನ್ನು ಬೇಸಿಗೆ ಮಾಡಿದೆ. ಅಮೀರ್ ಸಾಬನ ಹೆಸರನ್ನು ಬಿಟ್ಟೆ. ಅದು ಆ ಪದದ ಪಕ್ಕ ಕೂರುತ್ತಿರಲಿಲ್ಲ.

"ಸಮಿತಿ ಒಪ್ಪೇದಂತ ಜಂಬಕ್ಕ, ಹೆಬ್ಬೆಟ್ಟು ಒತ್ತು," ಎಂದೆ.

ಅವಳ ಮುಖ ನೋಡಬೇಕಿತ್ತು. "ಅಮೀರ್ ಮಾಮಾಂದು?"

"ಅದನ್ನೂ ನೋಡ್ತಾರಂತ."

ಒತ್ತಿದಳು. ಅವತ್ತು ನನ್ನ ಪ್ಲೇಟಿನಲ್ಲಿ ಐದು ಮಿರ್ಚಿ ಇದ್ದವು.

ಹೋದ ವರ್ಷ ಸೆಪ್ಟೆಂಬರ್ ಹದಿನೇಳಕ್ಕೆ ಸ್ಮಾರಕ ತೆರೆದರು. ಮೊದಲ ದಿನದ ಭಾಷಣಗಳು ಇನ್ನೂ ಮುಗಿದಿಲ್ಲವೆಂದು ಕೇಳಿದ್ದೇನೆ. ಜನ ಕಡಿಮೆಯಾಗಲಿ ಎಂದು ನಾವು ಮುಂದಿನ ವಾರ ಹೋದೆವು. ಕುಬ್ರಾ ಬೇಗಂ ನೇರ ಅಲ್ಲಿಗೇ ಆಟೋದಲ್ಲಿ ಬಂದಿದ್ದರು. ಜಂಬಮ್ಮ ಮೊದಲೇ ಫೋನಿನಲ್ಲಿ, ಇಬ್ಬರ ಹೆಸರೂ ಬಂದಿರ್ತದೆ, ಬಾ ಎಂದು ಹೇಳಿಬಿಟ್ಟಿದ್ದಳು. ನನಗೆ ಅದು ಗೊತ್ತಿರಲಿಲ್ಲ. ಎಂಬತ್ತಕ್ಕೆ ಹತ್ತಿರದ ಜೀವ, ಮದುವೆಗೆ ಬಂದವರ ಹಾಗೆ ಇಸ್ತ್ರಿ ಮಾಡಿದ ಬುರ್ಖಾ, ಕೈಯಲ್ಲಿ ಸಕ್ಕರೆ ಪೊಟ್ಟಣ, ಊದಿನಕಡ್ಡಿ.

ಅನಿಲಕುಮಾರನೇ ಬಂದು ಹೆಸರು ತೋರಿಸಿದ. ಜಂಬಮ್ಮನ ಎದೆಯಷ್ಟು ಎತ್ತರದಲ್ಲಿತ್ತು. ಅವಳು ಚಪ್ಪಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬೆರಳಿಟ್ಟಳು. ನಲವತ್ತು ವರ್ಷ ಕಾದ ಎಣ್ಣೆ ಸಿಡಿದ ಬೆರಳು. ಒಂದೊಂದು ಅಕ್ಷರದ ಗುಣಿಯಲ್ಲಿ ಇಳಿದು ಹತ್ತಿತು.

"ಇದೇನು?"

"ಹು," ಎಂದೆ.

"ಇದು?"

"ಸೇ."

ಕಡೆಯ ಅಕ್ಷರಕ್ಕೆ ಬಂದಾಗ ಅವಳು, "ಯಪ್ಪಾ," ಎಂದಳು. ನನಗಲ್ಲ. ಎಪ್ಪತ್ತೈದು ವರ್ಷದಲ್ಲಿ ಆ ಕರೆಗೆ ಓಗೊಡುವ ಒಂದು ಜಾಗ ಅವಳಿಗೆ ಸಿಕ್ಕಿತ್ತು. ಒಂದು ಚಿಟಿಕೆ ಸಕ್ಕರೆ ತೆಗೆದು ಅಕ್ಷರದ ಗುಣಿಗಳಲ್ಲಿ ತುಂಬಿದಳು. ನಿಂತಿತು.

"ಇನ್ನ ನಮ್ಮ ಅಬ್ಬಾಂದು ತೋರಸಪ್ಪಾ," ಎಂದರು ಕುಬ್ರಾ ಬೇಗಂ. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ.

ಅನಿಲಕುಮಾರ ನನ್ನ ಮುಖ ನೋಡಿದ. ನಾನು ಗುಡ್ಡ ನೋಡಿದೆ. ಹುಡುಗನಿಗೆ ಸುಳ್ಳು ಹೇಳಲು ಬರಲಿಲ್ಲ, ಎಂ.ಎ.ಯಲ್ಲಿ ಕಲಿಸಿರಲಿಕ್ಕಿಲ್ಲ. "ಆ ಹೆಸರು ಬಂದಿಲ್ರಿ ಅಮ್ಮಾ," ಎಂದ.

"ಯಾಕಪ್ಪಾ? ಕೂಡೇ ಇದ್ರಲ್ಲ ಇಬ್ರೂ?" ಎಂದಳು ಜಂಬಮ್ಮ. "ಮ್ಯಾಲ ದೊಡ್ಡ ಅಕ್ಷರದಾಗ ಬರದಾರಲ್ಲ, ಅದೇನದ? ಓದು."

ಅವನು ಓದಿದ. "ರಜಾಕಾರರ ದೌರ್ಜನ್ಯಕ್ಕೆ ಬಲಿಯಾದವರು."

ಒಳಗಿನಿಂದ ಪ್ಲಾಸ್ಟರಿನ ಹೆಂಗಸಿನ ಅಳು ಸ್ಪೀಕರಿನಲ್ಲಿ ಕೇಳುತ್ತಿತ್ತು. ಕುಬ್ರಾ ಬೇಗಂ ಪೊಟ್ಟಣದ ಬಾಯಿಯನ್ನು ಮಡಚಿದರು.

"ಇರ್ಲಿ ಬಿಡ ಜಂಬಿ," ಎಂದರು. "ನಿಮ್ಮಪ್ಪಗಾದ್ರೂ ಜಾಗ ಸಿಕ್ತು. ನಮ್ಮ ಅಬ್ಬಾ ಏನ್ ಬ್ಯಾಸರ ಮಾಡ್ಕೊಳ್ಳೂದಿಲ್ಲ. ದೋಸ್ತಗ ಸಿಕ್ಕದ್ದು ತನಗ ಸಿಕ್ಕಂಗ ಅಂತಾನ."

ಜಂಬಮ್ಮ ನನ್ನ ಕಡೆ ತಿರುಗಿದಳು. "ವೆಂಕೋಬ, ಫಾರಂನಾಗ ಏನ್ ಬರದಿ?"

ಹೇಳಿದೆ.

ಸುಳ್ಳಬುರುಕ ಎಂದು ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಬದುಕುತ್ತಿದ್ದೆ.

"ನಮ್ಮಪ್ಪ ಅವತ್ತು ಒಂದ ಸುಳ್ಳ ಹೇಳಿದ್ರ ಉಳೀತಿದ್ದ," ಎಂದಳು. ಧ್ವನಿ ಏರಿರಲಿಲ್ಲ. "ಬೀರಪ್ಪ ಅಂದಿದ್ರ ಸಾಕಿತ್ತು. ಹೆಗಲ ಮ್ಯಾಲ ಕಂಬಳಿ ಇತ್ತು, ನಂಬತಿದ್ರು. ಮಗ್ಗಲಾಗ ಗೆಳೆಯ ಬಿದ್ದಿದ್ದ, ಹೊಲದಾಗ ಹೇಣ್ತಿ ಬಸರಿ ಇದ್ಲು. ಆದ್ರೂ ಅಂವ ತನ್ನ ಹೆಸರು ತಾ ಹೇಳಿದ. ಅಂಥಾಂವನ ಕೈಲಿ, ಸತ್ತು ಎಪ್ಪತ್ತಾರು ವರ್ಷಕ್ಕ, ನೀ ಸುಳ್ಳ ಹೇಳಿಸಿದೆಲ್ಲೋ ತಮ್ಮಾ."

ಆಮೇಲೆ ಅಕ್ಷರದ ಗುಣಿಗಳಿಂದ ಸಕ್ಕರೆಯನ್ನು ಉಗುರಿನಿಂದ ಒಂದೊಂದಾಗಿ ಕೆದರಿ ತೆಗೆದಳು.

ಹೆಸರು ತೆಗೆಸಿ ಎಂಬ ಅರ್ಜಿಯನ್ನು ನನ್ನಿಂದ ಬರೆಸಲಿಲ್ಲ. ಪಕ್ಕದ ಮರದ ಕೆಳಗಿನ ಶರಣಯ್ಯನ ಹತ್ತಿರ ಬರೆಸಿದಳು. ಅವನ ಅಕ್ಷರ ಹೇಗೆಂದರೆ, ಒಮ್ಮೆ ಅವನ ಅರ್ಜಿ ಓದಿದ ಶಿರಸ್ತೇದಾರರು ಆರು ತಿಂಗಳು ರಜೆ ಹಾಕಿದ್ದರು. ಆದರೂ ಅದರಲ್ಲಿದ್ದದ್ದು ಅವಳು ಹೇಳಿದ ಮಾತೇ: ನಮ್ಮ ತಂದೆ ಹೇಳದ ಸುಳ್ಳು ಅವರ ತಲೆಯ ಮೇಲಿದೆ, ಅದನ್ನು ಇಳಿಸಿ. ಇಲ್ಲವೆ ಇಬ್ಬರನ್ನೂ ನಿಜದೊಂದಿಗೆ ಬರೆಯಿರಿ.

ಇಂಥ ಕಲ್ಲಿನಿಂದ ಹೆಸರು ತೆಗೆಯಲು ಇನ್ನೊಂದು ಎಪ್ಪತ್ತಾರು ವರ್ಷ ಹಿಡಿದೀತೆಂದು ನಾನು ಲೆಕ್ಕ ಹಾಕಿದ್ದೆ. ಸೇರಿಸಲು ಒಂದು ವರ್ಷ ತೆಗೆದುಕೊಂಡವರು ತೆಗೆಯಲು ಒಂಬತ್ತು ದಿನ ತೆಗೆದುಕೊಂಡರು. ಅರ್ಜಿಯ ಎರಡನೆಯ ಮಾತಿಗೆ ಉತ್ತರ ಬರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಅವಳು ಬೇವಿನ ಮರದ ಕೆಳಗೆ ಬಂದು ನಿಂತಳು. ಎರಡೂವರೆ ತಿಂಗಳಿಂದ ಹನ್ನೊಂದು ಗಂಟೆ ಹೊಡೆದಿರಲೇ ಇಲ್ಲ ನನ್ನ ಪಾಲಿಗೆ.

"ಗ್ವಾಡಿ ನೋಡಾಕ ಹೊಂಟೀನಿ. ಬರ್ತೀಯೇನು?"

ಹೋದೆವು. ಕುಬ್ರಾ ಬೇಗಂ ಬಂದಿದ್ದರು. ಹೆಸರಿದ್ದ ಕಡೆ ಅಕ್ಷರಗಳಿಗೆ ಯಾವುದೋ ಬೂದು ಗಾರೆ ತುಂಬಿ ತಿಕ್ಕಿದ್ದರು. ಕರಿ ಕಲ್ಲಿನ ನಡುವೆ ಗಾಯ ಮಾಯ್ದ ಕಲೆಯ ಹಾಗೆ ಒಂದು ಪಟ್ಟಿ. ಜಂಬಮ್ಮ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದಳು. ಎಲ್ಲೂ ಇಳಿಯಲಿಲ್ಲ ಬೆರಳು. ಇನ್ನೊಮ್ಮೆ ಎಳೆದಳು. ಮತ್ತೆ ಹಣೆಯನ್ನೇ ಆ ಜಾಗಕ್ಕೆ ಒತ್ತಿ ನಿಂತಳು. ಅವಳ ಭುಜ ಅಲುಗುವುದು ಮಾತ್ರ ಕಾಣುತ್ತಿತ್ತು. ನಲವತ್ತು ವರ್ಷದಲ್ಲಿ ಜಂಬಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಂಡ ಸತ್ತಾಗ ಈರುಳ್ಳಿ ಹೆಚ್ಚುತ್ತ ಅತ್ತಿದ್ದಳಂತೆ, ಯಾರಿಗೂ ಗೊತ್ತಾಗದ ಹಾಗೆ.

"ತೆಗೆಸಬಾರದಿತ್ತು ಜಂಬಿ," ಎಂದರು ಕುಬ್ರಾ ಬೇಗಂ, ಅಳುತ್ತ. "ಪಾಗಲ್ ಇದ್ದೀ ನೀ. ಇದ್ದ ಒಂದ ಹೆಸರೂ ಹೋತಲ್ಲ."

"ಒಬ್ಬನ್ನ ಬಿಟ್ಟು ಒಬ್ಬ ಹ್ಯಾಂಗ ಇರ್ತಾನ ಅಕ್ಕಾ," ಎಂದಳು ಜಂಬಮ್ಮ.

ಗೋಡೆಯ ಬುಡದಲ್ಲೇ ಕೂತು ಕುಬ್ರಾ ಬೇಗಂ ಊದಿನಕಡ್ಡಿ ಹಚ್ಚಿದರು. ಕಾವಲಿನವನೊಬ್ಬ ಇಲ್ಲಿ ಹಚ್ಚಬಾರದೆಂದು ಹೇಳಲು ಓಡಿ ಬಂದ. ಅನಿಲಕುಮಾರ ದೂರದಿಂದಲೇ ಅವನಿಗೆ ಕೈ ಮಾಡಿ ಕರೆದುಕೊಂಡ. ಸಕ್ಕರೆ ಓದಿಸಿದ್ದಾಯಿತು. ಜಂಬಮ್ಮ ಒಂದು ಚಿಟಿಕೆ ತೆಗೆದು ಆ ಬೂದು ಪಟ್ಟಿಗೆ ಒತ್ತಿದಳು. ನಿಲ್ಲಲಿಲ್ಲ, ಜಾರಿ ಕೆಳಗೆ ಬಿತ್ತು. ಅದನ್ನು ಆಯ್ದು ಮೂರು ಪಾಲು ಮಾಡಿ ಒಂದನ್ನು ನನ್ನ ಅಂಗೈಗೆ ಹಾಕಿದಳು. "ತಿನ್ನು," ಎಂದಳು.

ಮರುದಿನ ಹನ್ನೊಂದಕ್ಕೆ ಪ್ಲೇಟು ಬಂತು. ಮಿರ್ಚಿ ಎರಡು. ಆ ವಿಷಯ ಮತ್ತೆ ಅವಳು ಎತ್ತಲಿಲ್ಲ, ನಾನು ಎತ್ತುವ ಧೈರ್ಯ ಮಾಡಲಿಲ್ಲ. ಮಾರ್ಚಿನಲ್ಲಿ ದೇವದುರ್ಗದ ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹೋದವಳು ಅಲ್ಲೇ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಬಂಡಿಯನ್ನು ನೇತ್ರಾವತಿ ಬೇವಿನ ಮರಕ್ಕೆ ಸರಪಳಿ ಹಾಕಿ ನನ್ನ ಸುಪರ್ದಿಗೆ ಬಿಟ್ಟಿದ್ದಾಳೆ.

ಈ ಸಲದ ಮೊಹರಂಗೆ ನಾನೊಬ್ಬನೇ ರಾಯಚೂರಿನ ಬಸ್ಸು ಹತ್ತಿದೆ. ಕುಬ್ರಾ ಬೇಗಂ ಕೌದಿಗಳನ್ನು ಸರಿಸಿ ನನಗೆ ಜಾಗ ಮಾಡಿದರು. ಅಮೀರ್ ಸಾಬ್, ಎಂದರು. ಹುಸೇನಪ್ಪ, ಎಂದರು. ಸ್ವಲ್ಪ ತಡೆದು, ಜಂಬಮ್ಮ, ಎಂದರು.